ಕಂಪನಿಯ ನೆಟ್ ಪಿಪಿಇ ಹೆಂಗ ಓದಬೇಕು: ಬ್ಯಾಲೆನ್ಸ್ ಶೀಟ್‌ನ ಮೊದಲ ಸಾಲಿನಿಂದ ನೋಟ್ಸ್ ತನಕ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆ ಶೇರ್ ತಗೊಳ್ಳೋ ಮಂದಿ ಈಗ ಭಾಳ ಆಗ್ಯಾರ, ಸಕ್ಕರಿ ಕಾರ್ಖಾನೆ ಶೇರ್‌ದಾರ ರೈತರಂತೂ ಮೊದಲಿಂದನೂ ಅದಾರ. ಇವರೆಲ್ಲರ ಕಡಿಂದ ನನಗ ತಿರುಗಿ ತಿರುಗಿ ಬರೋ ಪ್ರಶ್ನೆ ಒಂದ: "ಬ್ಯಾಲೆನ್ಸ್ ಶೀಟ್‌ನ್ಯಾಗ ಪಿಪಿಇ 500 ಕೋಟಿ ಅಂತ ಐತ್ರಿ, ಮಾರ್ಕೆಟ್‌ನ್ಯಾಗ ಪೂರ್ತಿ ಕಂಪನಿ ಕಿಮ್ಮತ್ತು 300 ಕೋಟಿ, ಅಂದ್ರ ಶೇರ್ ಸೋವಿ ಸಿಗಾಕತ್ತೈತಿ ಹೌದಿಲ್ರೀ?" ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಉತ್ತರ ಬರಿಯೋದಕ್ಕಿಂತ ಒಂದ ಕಡೆ ಪೂರ್ತಿ ಹೇಳಿಬಿಡೋಣ ಅಂತ ಇದನ್ನ ಬರದೀನಿ.

ಮೊದಲ ಮೂಲ ಮಾತು ತಿಳ್ಕೊಳ್ರಿ. ಪಿಪಿಇ ಅಂದ್ರ ಪ್ರಾಪರ್ಟಿ, ಪ್ಲಾಂಟ್ ಅಂಡ್ ಇಕ್ವಿಪ್‌ಮೆಂಟ್, ಅಂದ್ರ ಕಂಪನಿ ತನ್ನ ಕೆಲಸಕ್ಕಂತ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಇಟ್ಕೊಂಡು ಬಳಸೋ, ಕಣ್ಣಿಗೆ ಕಾಣೋ ಆಸ್ತಿ: ಜಾಗ, ಶೆಡ್ಡು, ಮಷೀನು, ಬಾಯ್ಲರ್, ಗಾಡಿ, ಕುರ್ಚಿ-ಟೇಬಲ್, ಕಂಪ್ಯೂಟರ್. ಇವನ್ನ ತಗೊಂಡಾಗ ಕೊಟ್ಟ ಒಟ್ಟು ರೊಕ್ಕಕ್ಕ ಗ್ರಾಸ್ ಬ್ಲಾಕ್ ಅಂತಾರ. ಪ್ರತಿ ವರ್ಷ ಅದರೊಳಗಿನ ಒಂದು ಪಾಲನ್ನ ಸವಕಳಿ, ಅಂದ್ರ ಡಿಪ್ರಿಸಿಯೇಶನ್ ಅಂತ ಖರ್ಚಿಗೆ ಹಾಕ್ತಾರ. ಇಲ್ಲಿ ತನಕ ಖರ್ಚಿಗೆ ಹಾಕಿದ್ದನ್ನೆಲ್ಲಾ ಗ್ರಾಸ್‌ದಾಗಿಂದ ಕಳದ್ರ ಉಳಿಯೋದ ನೆಟ್ ಪಿಪಿಇ, ಹಳೇ ಮಂದಿ ನೆಟ್ ಬ್ಲಾಕ್ ಅಂತಾರ. ಅಂದ್ರ ಕಂಪನಿ ಹಿಂದ ಯಾವಾಗೋ ಹಾಕಿದ ರೊಕ್ಕದೊಳಗ ಇನ್ನೂ ಖರ್ಚಿಗೆ ಹಾಕೋದು ಎಷ್ಟು ಬಾಕಿ ಐತಿ ಅಂತ ಈ ಅಂಕಿ ಹೇಳ್ತೈತಿ. ಇವತ್ತು ಮಾರಿದ್ರ ಎಷ್ಟು ಬರ್ತೈತಿ ಅನ್ನೋದು ಇದರೊಳಗ ಇಲ್ಲ. ಇಷ್ಟು ಒಂದು ಗಟ್ಟಿ ಹಿಡ್ಕೊಂಡ್ರ ಮುಂದಿನದು ಸಲೀಸು.

ಬೇಕಾಗೋ ಸಾಮಾನು: ಕಂಪನಿಯ ವಾರ್ಷಿಕ ವರದಿ, ಕ್ಯಾಲ್ಕುಲೇಟರ್, ಒಂದು ಹಾಳಿ. ಲಿಸ್ಟ್ ಆಗಿರೋ ಕಂಪನಿ ಆದ್ರ ವರದಿ ಅದರ ವೆಬ್‌ಸೈಟ್‌ನ ಇನ್ವೆಸ್ಟರ್ ವಿಭಾಗದಾಗ, ಇಲ್ಲಾ ಬಿಎಸ್‌ಇ, ಎನ್‌ಎಸ್‌ಇ ಸೈಟ್‌ನ್ಯಾಗ ಪುಕ್ಕಟೆ ಸಿಗ್ತೈತಿ. ಲಿಸ್ಟ್ ಆಗದ ಪ್ರೈವೇಟ್ ಲಿಮಿಟೆಡ್ ಆದ್ರ ಕೇಂದ್ರದ ಕಂಪನಿ ವ್ಯವಹಾರ ಸಚಿವಾಲಯದ ಪೋರ್ಟಲ್‌ನ್ಯಾಗ ಸಣ್ಣ ಫೀ ಕಟ್ಟಿ ನೋಡಬಹುದು. ಸಹಕಾರಿ ಸಕ್ಕರಿ ಕಾರ್ಖಾನೆ ಸದಸ್ಯರಾದ್ರ ವಾರ್ಷಿಕ ಸಭೆಗೆ ಕೊಡೋ ಪುಸ್ತಕದಾಗಿನ ಅಢಾವೆ ಪತ್ರಿಕೆ ಸಾಕು, ಅದರ ನಮೂನೆ ಬ್ಯಾರೆ ಇರ್ತೈತಿ ಆದ್ರ ಓದೋ ಕ್ರಮ ಹೆಚ್ಚು ಕಡಿಮಿ ಇದ. ಒಂದ ವರ್ಷದ್ದು ನೋಡಿದ್ರ ಏನೂ ತಿಳಿಯಂಗಿಲ್ಲ, ಕಡಿಮಿ ಅಂದ್ರೂ ನಾಕೈದು ವರ್ಷದ್ದು ಇಳಿಸ್ಕೊಳ್ರಿ.

1. ಯಾವ ಬ್ಯಾಲೆನ್ಸ್ ಶೀಟ್ ಅಂತ ಮೊದಲ ಖಾತ್ರಿ ಮಾಡ್ಕೊಳ್ರಿ

ಮರಿ ಕಂಪನಿ ಇದ್ರ ಒಂದ ವರದಿಯೊಳಗ ಎರಡು ಬ್ಯಾಲೆನ್ಸ್ ಶೀಟ್ ಇರ್ತಾವ. ಸ್ಟ್ಯಾಂಡ್‌ಅಲೋನ್ ಅಂದ್ರ ಆ ಒಂದ ಕಂಪನಿದು, ಕನ್ಸಾಲಿಡೇಟೆಡ್ ಅಂದ್ರ ಅದರ ಕೈಕೆಳಗಿನ ಮರಿ ಕಂಪನಿ ಎಲ್ಲಾ ಕೂಡಿಸಿದ್ದು. ಹಿಂಡಾಲ್ಕೋನ ತಗೊಳ್ರಿ, ನಮ್ಮ ಬೆಳಗಾವಿಯ ಅಲ್ಯುಮಿನಾ ರಿಫೈನರಿ ಅದರ ಸ್ಟ್ಯಾಂಡ್‌ಅಲೋನ್ ಲೆಕ್ಕದಾಗ ಬರ್ತೈತಿ, ಕನ್ಸಾಲಿಡೇಟೆಡ್ ತಗದ್ರ 2007ರಾಗ ಖರೀದಿ ಮಾಡಿದ ಅಮೆರಿಕದ ನೊವೆಲಿಸ್‌ನ ಕಾರ್ಖಾನೆಗಳೂ ಅದರೊಳಗ ಕೂಡ್ತಾವ. ಒಂದು ವರ್ಷದ್ದು ಸ್ಟ್ಯಾಂಡ್‌ಅಲೋನ್, ಇನ್ನೊಂದು ವರ್ಷದ್ದು ಕನ್ಸಾಲಿಡೇಟೆಡ್ ಇಟ್ಟು "ಆಸ್ತಿ ಮೂರು ಪಟ್ಟು ಆಗೇತಿ" ಅಂತ ಖುಷಿ ಪಟ್ಟವರು ಅದಾರ, ನೀವು ಹಂಗ ಮಾಡಬ್ಯಾಡ್ರಿ.

ಇನ್ನೊಂದು, ಒಂದು ಊರಿನ ಪ್ಲಾಂಟ್‌ದ್ದ ಬ್ಯಾರೆ ಅಂಕಿ ಸಿಗೋದು ಕಷ್ಟ. ಶ್ರೀ ರೇಣುಕಾ ಶುಗರ್ಸ್ ಲೆಕ್ಕದಾಗ ಮುನವಳ್ಳಿ, ಅಥಣಿ ಕಾರ್ಖಾನೆ ಜೊತಿಗೆ ಗುಜರಾತಿನ ಕಾಂಡ್ಲಾ ರಿಫೈನರೀನೂ ಐತಿ. ಎನ್‌ಟಿಪಿಸಿ ವರದಿಯೊಳಗ ಕೂಡಗಿಯ 2400 ಮೆಗಾವ್ಯಾಟ್ ಸ್ಥಾವರ ದೇಶದ ತುಂಬಾ ಇರೋ ಅದರ ಉಳಿದ ಸ್ಥಾವರಗಳ ಜೊತಿಗೆ ಒಂದ ಸಾಲಿನ್ಯಾಗ ಕೂಡಿ ಹೋಗಿರ್ತೈತಿ. ಹಿಂಗಾಗಿ "ನಮ್ಮೂರ ಕಾರ್ಖಾನೆ ದೊಡ್ಡದೈತಿ" ಅಂತ ಕಣ್ಣಿಗೆ ಕಂಡಿದ್ದನ್ನ ಈ ಅಂಕಿಗೆ ತಾಳೆ ಹಾಕಾಕ ಹೋಗಬ್ಯಾಡ್ರಿ.

ಹಂಗ ಶೀಟ್‌ನ ತಲಿ ಮ್ಯಾಲೆ ಸಣ್ಣ ಅಕ್ಷರದಾಗ ಲಕ್ಷವೋ, ಮಿಲಿಯನ್ನೋ, ಕೋಟಿಯೋ ಅಂತ ಬರದಿರ್ತೈತಿ. 10 ಮಿಲಿಯನ್ ಅಂದ್ರ 1 ಕೋಟಿ.

2. ಸಾಲು ಹುಡುಕ್ರಿ, ಅದರ ನೆರಿಹೊರಿಯವರನ್ನ ಬ್ಯಾರೆ ಬರ್ಕೊಳ್ರಿ

ಕಂಪನಿ ಕಾಯ್ದೆ 2013ರ ಶೆಡ್ಯೂಲ್ 3ರ ನಮೂನೆ ಪ್ರಕಾರ ಆಸ್ತಿ ಭಾಗದಾಗ ನಾನ್-ಕರೆಂಟ್ ಅಸೆಟ್ಸ್, ಅಂದ್ರ ವರ್ಷದೊಳಗ ರೊಕ್ಕ ಆಗದ ಆಸ್ತಿ, ಅಂತ ತಲಿಬರಹ ಇರ್ತೈತಿ, ಅದರ ಕೆಳಗ ಮೊದಲನೇ ಸಾಲ ಪಿಪಿಇ. ಅಲ್ಲಿರೋ ಅಂಕಿ ನೆಟ್, ಸವಕಳಿ ಕಳದಿದ್ದು. ಅದರ ಕೆಳಗಿನ ಸಾಲುಗಳನ್ನೂ ಬರ್ಕೊಳ್ರಿ, ಆದ್ರ ಕೂಡಿಸಬ್ಯಾಡ್ರಿ.

ಕ್ಯಾಪಿಟಲ್ ವರ್ಕ್ ಇನ್ ಪ್ರೋಗ್ರೆಸ್, ಬಾಯಿಮಾತಿನ್ಯಾಗ ಸಿಡಬ್ಲ್ಯೂಐಪಿ ಅಂದ್ರ ಇನ್ನೂ ಕಟ್ಟಾಕತ್ತಿರೋ ಪ್ಲಾಂಟು, ಕೂಡಿಸಾಕತ್ತಿರೋ ಮಷೀನು. ರೈಟ್ ಆಫ್ ಯೂಸ್ ಅಂದ್ರ ಲೀಜ್ ಮ್ಯಾಲೆ ತಗೊಂಡ ಆಸ್ತಿಯನ್ನ ಬಳಸೋ ಹಕ್ಕು, ಏಪ್ರಿಲ್ 2019ರಿಂದ ಇಂಡ್ ಎಎಸ್ 116 ಅನ್ನೋ ಲೆಕ್ಕದ ಮಾನದಂಡ ಬಂದಮ್ಯಾಲೆ ಇದು ಬ್ಯಾಲೆನ್ಸ್ ಶೀಟ್‌ಗೆ ಬಂತು. ಇನ್ವೆಸ್ಟ್‌ಮೆಂಟ್ ಪ್ರಾಪರ್ಟಿ ಅಂದ್ರ ಬಾಡಿಗಿಗೋ ರೇಟ್ ಏರಲಿ ಅಂತನೋ ಇಟ್ಟ ಜಾಗ, ಕಟ್ಟಡ. ಇಂಟ್ಯಾಂಜಿಬಲ್ ಅಂದ್ರ ಕೈಗೆ ಸಿಗದ ಆಸ್ತಿ, ಸಾಫ್ಟ್‌ವೇರ್, ಲೈಸೆನ್ಸ್ ಇಂಥಾವು. ಗೋದಾಮಿನ್ಯಾಗಿರೋ ಸಕ್ಕರಿ ಚೀಲ, ಫೌಂಡ್ರಿಯೊಳಗ ಎರಕಕ್ಕ ತಂದಿಟ್ಟ ಪಿಗ್ ಐರನ್ ಇವೆಲ್ಲಾ ಸ್ಟಾಕು, ಪಿಪಿಇ ಒಳಗ ಬರಂಗಿಲ್ಲ.

ಇಲ್ಲಿ ಭಾಳ ಮಂದಿ ಎಡವೋದು ಎಲ್ಲಿ ಅಂದ್ರ ಸ್ಕ್ರೀನರ್ ಅಂಥ ಸೈಟ್‌ನ್ಯಾಗ ಫಿಕ್ಸೆಡ್ ಅಸೆಟ್ಸ್ ಅಂತ ಇರೋ ಅಂಕೀನ ಪಿಪಿಇ ಅಂತ ತಿಳಿಯೋದು. ಆ ಸೈಟ್‌ಗಳು ಇಂಟ್ಯಾಂಜಿಬಲ್ಲು, ಲೀಜಿನ ಹಕ್ಕು ಎಲ್ಲಾ ಕೂಡಿಸಿ ಒಂದ ಸಾಲಿನ್ಯಾಗ ತೋರಿಸ್ತಾವ. ಲಗೂನ ಒಂದ್ ನೋಟ ನೋಡಾಕ ಅವು ಚೊಲೋ, ಆದ್ರ ತೀರ್ಮಾನ ಮಾಡೋದಿದ್ರ ಮೂಲ ವರದಿನ ತಗೀರಿ.

ನಮ್ಮ ಕಡೆಗೆ ಸಂಬಂಧ ಇರೋದೊಂದು: ದ್ರಾಕ್ಷಿ ತೋಟ ಇರೋ ಕಂಪನಿ ಇದ್ರ, ವರ್ಷಾ ವರ್ಷಾ ಹಣ್ಣು ಕೊಡೋ ದ್ರಾಕ್ಷಿ ಬಳ್ಳಿ ಬೇರರ್ ಪ್ಲಾಂಟ್ ಅಂತ ಪಿಪಿಇ ಒಳಗ ಬರ್ತೈತಿ, ಬಳ್ಳಿ ಮ್ಯಾಲಿರೋ ಗೊಂಚಲು ಬರಂಗಿಲ್ಲ, ಅದಕ್ಕ ಬ್ಯಾರೆ ಮಾನದಂಡ ಐತಿ.

3. ನೋಟ್ ತಗೀರಿ, ಜೀವಾಳ ಇರೋದು ಇಲ್ಲೇ

ಪಿಪಿಇ ಸಾಲಿನ ಬಾಜೂಕ ಒಂದು ನೋಟ್ ನಂಬರ್ ಇರ್ತೈತಿ. ಆ ನಂಬರಿನ ನೋಟ್‌ಗೆ ಹೋದ್ರ ದೊಡ್ಡ ಕೋಷ್ಟಕ ಸಿಗ್ತೈತಿ, ಜಾಗ, ಕಟ್ಟಡ, ಮಷೀನರಿ, ಗಾಡಿ ಅಂತ ಬ್ಯಾರೆ ಬ್ಯಾರೆ ಕಾಲಮ್ಮು. ಪ್ರತಿ ಕಾಲಮ್ಮಿನ್ಯಾಗ ವರ್ಷದ ಆರಂಭದಾಗ ಎಷ್ಟಿತ್ತು, ಹೊಸಾದು ಎಷ್ಟು ಬಂತು, ಎಷ್ಟು ಹೋತು, ಕೊನಿಗೆ ಎಷ್ಟು ಉಳಿತು ಅಂತ ಎರಡು ಸಲ ಬರ್ತೈತಿ, ಮೊದಲ ಗ್ರಾಸ್‌ಗೆ, ಆಮ್ಯಾಲೆ ಕೂಡಿಬಂದ ಸವಕಳಿಗೆ.

ಉದಾಹರಣೆಗೆ ಬೆಳಗಾವಿಯ ಉದ್ಯಮಬಾಗದಾಗ ಒಂದು ಫೌಂಡ್ರಿ ಐತಿ ಅಂತ ತಿಳ್ಕೊಳ್ರಿ, ಅಂಕಿ ಎಲ್ಲಾ ನಾನು ತಿಳಿಸಾಕ ಇಟ್ಕೊಂಡಿದ್ದು, ಲಕ್ಷದಾಗ ಅದಾವ. ಏಪ್ರಿಲ್ 1ಕ್ಕ ಗ್ರಾಸ್: ಜಾಗ 120, ಫ್ಯಾಕ್ಟರಿ ಕಟ್ಟಡ 300, ಮಷೀನರಿ 900, ಗಾಡಿ-ಕಂಪ್ಯೂಟರ್ ಎಲ್ಲಾ ಕೂಡಿ 60, ಒಟ್ಟು 1380. ಅಲ್ಲಿ ತನಕ ಆಗಿರೋ ಸವಕಳಿ: ಜಾಗಕ್ಕ ಸೊನ್ನೆ, ಕಟ್ಟಡಕ್ಕ 95, ಮಷೀನರಿಗೆ 430, ಗಾಡಿ-ಕಂಪ್ಯೂಟರ್‌ಗೆ 35, ಒಟ್ಟು 560. ಅಂದ್ರ ವರ್ಷದ ಆರಂಭದ ನೆಟ್ 820 ಲಕ್ಷ.

ಅಕ್ಟೋಬರ್ 1ಕ್ಕ ಒಂದು ಹೊಸಾ ಸಿಎನ್‌ಸಿ ಮಷೀನ್ ಬಂತು. ಮಷೀನ್ ಬೆಲಿ 84 ಲಕ್ಷ, ಲಾರಿ ಬಾಡಿಗಿ ಮತ್ತ ಕ್ರೇನ್ ಹಚ್ಚಿ ಇಳಿಸಿದ್ದು 2, ಫೌಂಡೇಶನ್ ಹಾಕಿದ್ದು 3, ಕೂಡಿಸಿ ಟ್ರಯಲ್ ತಗದಿದ್ದು 1. ಪುಸ್ತಕದಾಗ ಬರೋದು 90 ಲಕ್ಷ, ಯಾಕಂದ್ರ ಮಷೀನನ್ನ ಕೆಲಸಕ್ಕ ತಯಾರು ಮಾಡಾಕ ಆದ ಖರ್ಚೆಲ್ಲಾ ಅದರ ಬೆಲಿಯೊಳಗ ಕೂಡ್ತೈತಿ. ಜಿಎಸ್‌ಟಿ ಕೂಡಂಗಿಲ್ಲ, ಅದನ್ನ ಇನ್‌ಪುಟ್ ಕ್ರೆಡಿಟ್ ಅಂತ ವಾಪಸ್ ತಗೋತಾರ. ಆದ್ರ ಸಾಹೇಬ್ರು ಓಡಾಡೋ ಕಾರಿನ ಜಿಎಸ್‌ಟಿಗೆ ಸಾಮಾನ್ಯವಾಗಿ ಕ್ರೆಡಿಟ್ ಸಿಗಂಗಿಲ್ಲ, ಹಿಂಗಾಗಿ ಅದು ಕಾರಿನ ಬೆಲಿಗೆ ಕೂಡ್ತೈತಿ.

ಈ 90ಕ್ಕ ಸವಕಳಿ ಹಿಂಗ ಹಾಕ್ತಾರ: ಕೊನಿಗೆ ಗುಜರಿಗೆ ಹಾಕಿದ್ರ ಬರೋ ಬೆಲಿ, ರೆಸಿಡ್ಯುಯಲ್ ವ್ಯಾಲ್ಯೂ ಅಂತಾರ, 5 ಪರ್ಸೆಂಟ್ ಹಿಡದ್ರ 4.5 ಲಕ್ಷ. ಉಳಿದ 85.5 ಲಕ್ಷವನ್ನ 15 ವರ್ಷಕ್ಕ ಹಂಚಿದ್ರ ವರ್ಷಕ್ಕ 5.7 ಲಕ್ಷ. ಈ ವರ್ಷ ಆರ ತಿಂಗಳ ಓಡಿದ್ದಕ್ಕ 2.85 ಲಕ್ಷ.

ಅದ ವರ್ಷ ಒಂದು ಹಳೇ ಫರ್ನೇಸ್ ಮಾರಿದ್ರು. ಅದರ ಮೂಲ ಬೆಲಿ 60 ಲಕ್ಷ, ಆಗಲೇ 57 ಲಕ್ಷ ಸವಕಳಿ ಆಗಿತ್ತು, ಪುಸ್ತಕದಾಗ 3 ಲಕ್ಷ ಉಳಿದಿತ್ತು, 8 ಲಕ್ಷಕ್ಕ ಹೋತು. ಗ್ರಾಸ್‌ದಾಗಿಂದ 60, ಸವಕಳಿಯಾಗಿಂದ 57 ತಗದ್ರು, ಹೆಚ್ಚಿಗೆ ಬಂದ 5 ಲಕ್ಷ ಲಾಭ-ನಷ್ಟದ ಪಟ್ಟಿಯೊಳಗ ಇತರೆ ಆದಾಯ ಅಂತ ಹೋತು. ಈ 5 ಲಕ್ಷ ಎರಕ ಹೊಯ್ದು ಗಳಿಸಿದ್ದಲ್ಲ, ಮುಂದಿನ ವರ್ಷ ಬರೋದೂ ಅಲ್ಲ. ಆಸ್ತಿ ಮಾರಿದ ವರ್ಷ ಲಾಭ ಒಮ್ಮೆಲೆ ಜಿಗಿದಿದ್ರ ಈ ಸಾಲು ನೋಡೋದು ಮರೀಬ್ಯಾಡ್ರಿ.

ಮಷೀನರಿಗೆ ಈ ವರ್ಷದ ಒಟ್ಟು ಸವಕಳಿ 56, ಕಟ್ಟಡಕ್ಕ 9.5, ಉಳಿದಾವಕ್ಕ 6, ಕೂಡಿಸಿದ್ರ 71.5. ಈಗ ಲೆಕ್ಕ ತಾಳೆ ಮಾಡ್ರಿ: 820ಕ್ಕ ಹೊಸಾದು 90 ಕೂಡಿಸ್ರಿ, ಮಾರಿದ್ದರ ಪುಸ್ತಕದ ಬೆಲಿ 3 ಕಳೀರಿ, ಸವಕಳಿ 71.5 ಕಳೀರಿ, 835.5 ಬಂತು. ಇನ್ನೊಂದು ಕಡಿಂದ ನೋಡಿದ್ರ ಮಾರ್ಚ್ 31ರ ಗ್ರಾಸ್ 1410, ಸವಕಳಿ 574.5, ಕಳದ್ರ ಅದ 835.5. ನೀವು ಯಾವ ಕಂಪನಿ ವರದಿ ತಗದ್ರೂ ಈ ಎರಡೂ ದಾರಿಯಿಂದ ಬ್ಯಾಲೆನ್ಸ್ ಶೀಟಿನ ಅಂಕಿಗೆ ಬಂದು ಮುಟ್ರಿ. ಒಮ್ಮೆ ಕೈಯಿಂದ ಮಾಡಿದ್ರ ಪಿಪಿಇ ಹೆಂಗ ಏರ್ತೈತಿ ಹೆಂಗ ಇಳಿತೈತಿ ಅನ್ನೋದು ತಲಿಯಾಗ ಕುಂಡ್ರತೈತಿ, ಬರೀ ಓದಿದ್ರ ಕುಂಡ್ರಂಗಿಲ್ಲ.

ನೋಡ್ರಿ, ನೆಟ್ 820 ಇದ್ದದ್ದು 835.5 ಆತು, ಬರೀ ಹದಿನೈದೂವರೆ ಲಕ್ಷದ ಫರಕು. ಬ್ಯಾಲೆನ್ಸ್ ಶೀಟ್ ಅಷ್ಟ ನೋಡಿದವರು "ಈ ವರ್ಷ ಏನೂ ಆಗಿಲ್ಲ" ಅಂತಾರ, ಒಳಗ ಒಂದು ಮಷೀನ್ ಬಂದೈತಿ, ಒಂದು ಫರ್ನೇಸ್ ಹೋಗೈತಿ.

ಇಲ್ಲೇ ಇನ್ನೊಂದು ಎಚ್ಚರಿಕಿ. ರಿಪೇರಿ ಖರ್ಚನ್ನ ಆಸ್ತಿ ಅಂತ ತೋರಿಸಿದ್ರ ಆ ವರ್ಷದ ಲಾಭ ಹಿಗ್ಗತೈತಿ, ಪಿಪಿಇನೂ ಹಿಗ್ಗತೈತಿ. ಸಕ್ಕರಿ ಕಾರ್ಖಾನೆಯೊಳಗ ಹಂಗಾಮು ಮುಗದಮ್ಯಾಲೆ ಮಾಡೋ ಸಾಮಾನ್ಯ ರಿಪೇರಿ ಆಯಾ ವರ್ಷದ ಖರ್ಚು. ಭಾಳ ವರ್ಷ ಬಾಳೋ ದೊಡ್ಡ ಬಿಡಿಭಾಗ ಆದ್ರ ಆಸ್ತಿಯೊಳಗ ಹಾಕಾಕ ಅವಕಾಶ ಐತಿ. ಉತ್ಪಾದನೆ ಸಾಮರ್ಥ್ಯ ಏರಿಲ್ಲ, ಹಳೇ ಮಷೀನ್ ಬದಲಿ ಮಾಡಿದ್ದೂ ಇಲ್ಲ, ರಿಪೇರಿ ಖರ್ಚು ಮಾತ್ರ ಧಡಾರನೆ ಇಳದೈತಿ, ಅದ ಹೊತ್ತಿಗೆ ಮಷೀನರಿ ಕಾಲಮ್ಮಿನ್ಯಾಗ ಹೊಸಾ ಸೇರ್ಪಡೆ ಏರೇತಿ ಅಂದ್ರ ಕಾರಣ ಹುಡುಕಬೇಕು.

4. ಸವಕಳಿ ನೀತಿ ಓದ್ರಿ

ನೋಟ್ಸ್‌ನ ಆರಂಭದಾಗ ಅಕೌಂಟಿಂಗ್ ಪಾಲಿಸಿ ಅಂತ ಇರ್ತೈತಿ, ಎಲ್ಲರೂ ಹಾರಿಸಿ ಮುಂದ ಹೋಗೋ ಪುಟ. ಅದರೊಳಗ ಎರಡು ವಿಷಯ ಹುಡುಕ್ರಿ: ಯಾವ ವಿಧಾನ, ಎಷ್ಟು ವರ್ಷ.

ವಿಧಾನ ಹೆಚ್ಚಾಗಿ ಎರಡು. ಪ್ರತಿ ವರ್ಷ ಒಂದ ಸಮ ಹಾಕೋದು ಸ್ಟ್ರೇಟ್ ಲೈನ್, ಮ್ಯಾಲಿನ ಸಿಎನ್‌ಸಿ ಲೆಕ್ಕ ಹಂಗ ಮಾಡಿದ್ದು. ಉಳಿದ ಬೆಲಿ ಮ್ಯಾಲೆ ಪರ್ಸೆಂಟ್ ಹಾಕೋದು ರಿಟನ್ ಡೌನ್ ವ್ಯಾಲ್ಯೂ, ಅದರೊಳಗ ಮೊದಲಿನ ವರ್ಷಗಳಾಗ ಸವಕಳಿ ಭಾಳ, ಬರಬರತಾ ಕಡಿಮಿ. ವರ್ಷಗಳ ಲೆಕ್ಕಕ್ಕ ಕಂಪನಿ ಕಾಯ್ದೆಯ ಶೆಡ್ಯೂಲ್ 2 ಐತಿ: ಫ್ಯಾಕ್ಟರಿ ಕಟ್ಟಡಕ್ಕ 30 ವರ್ಷ, ಆರ್‌ಸಿಸಿ ಆಫೀಸ್ ಕಟ್ಟಡಕ್ಕ 60, ಸಾಮಾನ್ಯ ಮಷೀನರಿಗೆ 15, ದಿನದ 24 ತಾಸೂ ಓಡಾಕಂತನ ಡಿಸೈನ್ ಮಾಡಿದ ಪ್ಲಾಂಟ್‌ಗೆ 25, ಫರ್ನಿಚರ್‌ಗೆ 10, ಕಂಪ್ಯೂಟರ್-ಲ್ಯಾಪ್‌ಟಾಪ್‌ಗೆ 3. ಕಂಪನಿ ಬ್ಯಾರೆ ವರ್ಷ ಹಿಡೀಬಹುದು, ಆದ್ರ ತಾಂತ್ರಿಕ ಆಧಾರ ಇರಬೇಕು, ವರದಿಯೊಳಗ ಹೇಳಬೇಕು. ಕೂಡಗಿಯಂಥ ವಿದ್ಯುತ್ ಸ್ಥಾವರಕ್ಕ ಎನ್‌ಟಿಪಿಸಿ ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗದ ದರ ಹಚ್ತೈತಿ.

ಇದು ಯಾಕ ಇಷ್ಟು ಮುಖ್ಯ ಅಂದ್ರ, 100 ಕೋಟಿ ಮಷೀನರಿಗೆ ಗುಜರಿ ಬೆಲಿ 5 ಪರ್ಸೆಂಟ್ ಬಿಟ್ಟು ಒಂದು ಕಂಪನಿ 15 ವರ್ಷ ಹಿಡದ್ರ ವರ್ಷಕ್ಕ ಸವಕಳಿ 6.33 ಕೋಟಿ, ಇನ್ನೊಂದು 25 ವರ್ಷ ಹಿಡದ್ರ 3.8 ಕೋಟಿ. ಹತ್ತು ವರ್ಷ ಆದಮ್ಯಾಲೆ ಮೊದಲನೇದರ ನೆಟ್ ಸುಮಾರು 36.7 ಕೋಟಿ, ಎರಡನೇದರದು 62 ಕೋಟಿ. ಮಷೀನ್ ಅದ, ವಯಸ್ಸೂ ಅದ, ಅಂಕಿ ಮಾತ್ರ ಒಂದೂವರೆ ಪಟ್ಟಿಗಿಂತ ಹೆಚ್ಚು. ಹಿಂಗಾಗಿ ಎರಡು ಕಂಪನಿ ಹೋಲಿಸೋ ಮುಂಚೆ ಈ ಪುಟ ಓದಲೇಬೇಕು.

ಸಕ್ಕರಿ ಕಾರ್ಖಾನೆ ಬಗ್ಗೆ ರೈತರು ಕೇಳೋದು: ವರ್ಷದಾಗ ನಾಕೈದು ತಿಂಗಳ ಕಬ್ಬು ನುರಸ್ತಾರ, ಉಳಿದ ತಿಂಗಳ ಬಂದ್ ಇರ್ತೈತಿ, ಆಗ ಸವಕಳಿ ನಿಲ್ತೈತೇನು? ಸ್ಟ್ರೇಟ್ ಲೈನ್ ಇದ್ರ ನಿಲ್ಲಂಗಿಲ್ಲ. ಮಷೀನ್ ಬಳಕೆಗೆ ತಯಾರಾದ ದಿನದಿಂದ ಚಾಲೂ ಆಗ್ತೈತಿ, ಸುಮ್ಮನ ನಿಂತ್ರೂ ನಡೀತೈತಿ. ಉತ್ಪಾದನೆ ಮ್ಯಾಲೆ ಸವಕಳಿ ಹಾಕೋ ವಿಧಾನ ಇದ್ರ ಮಾತ್ರ ಉತ್ಪಾದನೆ ಇಲ್ಲದಾಗ ಸೊನ್ನೆ ಆಗಬಹುದು.

ಸ್ವಂತ ಜಾಗಕ್ಕ ಸವಕಳಿ ಇಲ್ಲ, ಆದ್ರ ಬಾಗಲಕೋಟೆ ಜಿಲ್ಲೆಯ ಸುಣ್ಣದಕಲ್ಲಿನ ಕ್ವಾರಿಯಂಥ ಜಾಗ ಇದಕ್ಕ ಹೊರತು, ಕಲ್ಲು ತಗದಂಗ ಅದು ಸವೀತೈತಿ. ರಾಜ್ಯದ ಕೈಗಾರಿಕಾ ಪ್ರದೇಶ ಅಭಿವೃದ್ಧಿ ಮಂಡಳಿ, ಅಂದ್ರ ಕೆಐಎಡಿಬಿ ಪ್ಲಾಟಿನಂಗ ಲೀಜ್-ಕಮ್-ಸೇಲ್ (ಮೊದಲ ಲೀಜ್, ಆಮ್ಯಾಲೆ ಮಾರಾಟ) ಮ್ಯಾಲಿರೋ ಜಾಗ ಆದ್ರ ಅದನ್ನ ಕಂಪನಿ ಪಿಪಿಇ ಒಳಗ ಹಾಕೇತೋ ಲೀಜಿನ ಹಕ್ಕಿನ್ಯಾಗ ಹಾಕೇತೋ ನೋಡ್ರಿ.

ಇನ್ನ ಇನ್‌ಕಮ್ ಟ್ಯಾಕ್ಸ್ ಸವಕಳಿ ಪೂರ್ತಿ ಬ್ಯಾರೆ ಲೆಕ್ಕ, ಅಲ್ಲಿ ಸಾಮಾನ್ಯ ಮಷೀನರಿಗೆ ಉಳಿದ ಬೆಲಿ ಮ್ಯಾಲೆ 15 ಪರ್ಸೆಂಟ್, ಕಂಪ್ಯೂಟರ್‌ಗೆ 40. ನಿಮ್ಮ ಸಿಎ ಕೊಟ್ಟ ಟ್ಯಾಕ್ಸ್ ಚಾರ್ಟು ಮತ್ತ ಬ್ಯಾಲೆನ್ಸ್ ಶೀಟು ಹೊಂದಿಲ್ಲ ಅಂತ ಗಾಬರಿ ಆಗಬ್ಯಾಡ್ರಿ, ಹೊಂದಬೇಕಂತ ಇಲ್ಲ.

5. ಗ್ರಾಸ್ ಬ್ಲಾಕ್ ನಿಜವಾದ ಖರೀದಿ ಬೆಲಿನೋ ಅಲ್ಲೋ ನೋಡ್ರಿ

ಇದು ಅನುಭವಸ್ಥರನ್ನೂ ದಾರಿ ತಪ್ಪಸೋ ಜಾಗ. ಇಂಡ್ ಎಎಸ್ ಅನ್ನೋ ಹೊಸಾ ಮಾನದಂಡ ದೊಡ್ಡ ಕಂಪನಿಗಳಿಗೆ 2016-17ರಿಂದ, ಉಳಿದ ಲಿಸ್ಟೆಡ್ ಕಂಪನಿಗಳಿಗೆ 2017-18ರಿಂದ ಬಂತು. ಬದಲಾಗೋ ಹೊತ್ತಿನ್ಯಾಗ ಒಂದು ಸವಲತ್ತು ಕೊಟ್ಟಿದ್ರು: ಹಳೇ ಪುಸ್ತಕದ ನೆಟ್ ಬೆಲಿನ ಹೊಸಾ ಪುಸ್ತಕದ ಗ್ರಾಸ್ ಬೆಲಿ ಅಂತ ಹಿಡ್ಕೋಬಹುದು. ಇದಕ್ಕ ಡೀಮ್ಡ್ ಕಾಸ್ಟ್ ಅಂತಾರ, ಭಾಳಷ್ಟು ಕಂಪನಿಗಳು ಇದನ್ನ ಆರಿಸಿಕೊಂಡ್ವು.

ಪರಿಣಾಮ ನೋಡ್ರಿ. ಏಪ್ರಿಲ್ 2005ರಾಗ 10 ಕೋಟಿಗೆ ತಗೊಂಡ ಮಷೀನು, 15 ವರ್ಷದ ಲೆಕ್ಕದಾಗ ಏಪ್ರಿಲ್ 2016ಕ್ಕ ಸುಮಾರು 7 ಕೋಟಿ ಸವದು 3 ಕೋಟಿ ಉಳಿದಿತ್ತು. ಹೊಸಾ ಪುಸ್ತಕದಾಗ ಗ್ರಾಸ್ 3 ಕೋಟಿ, ಸವಕಳಿ ಸೊನ್ನೆ. ಇನ್ನೆರಡು ವರ್ಷ ಕಳದ್ರ, ಮಾರ್ಚ್ 2018ಕ್ಕ, ನೋಟ್ ಪ್ರಕಾರ ಮಷೀನ್ 42 ಪರ್ಸೆಂಟ್ ಸವದಂಗ ಕಾಣ್ತೈತಿ, ಖರೇವಂದ್ರ 82 ಪರ್ಸೆಂಟ್ ಸವದಿತ್ತು. ನೆಟ್ ಅಂಕಿ ಸರೀನ ಇರ್ತೈತಿ, ಕೆಡೋದು ಗ್ರಾಸ್ ಮತ್ತ ಅದರ ಮ್ಯಾಲೆ ಕಟ್ಟಿದ ವಯಸ್ಸಿನ ಲೆಕ್ಕ. ಪಾಲಿಸಿ ಪುಟದಾಗ ಡೀಮ್ಡ್ ಕಾಸ್ಟ್ ಅನ್ನೋ ಶಬ್ದ ಕಂಡ್ರ 2015, 2016ರ ಸುಮಾರಿನ ಹಳೇ ವರದಿ ತಗದು ಮೂಲ ಗ್ರಾಸ್ ಬರ್ಕೊಳ್ರಿ.

ಎರಡನೇದು ರಿವ್ಯಾಲ್ಯುಏಶನ್, ಅಂದ್ರ ವ್ಯಾಲ್ಯುಯರ್‌ನ ಕರಸಿ ಈಗಿನ ಬೆಲಿ ಕಟ್ಟಿಸೋದು. 1 ಕೋಟಿಯ ಜಾಗ 40 ಕೋಟಿ ಅಂತ ಬರಸಿದ್ರ ಪಿಪಿಇ ಏರ್ತೈತಿ, ಎದುರಿಗೆ ರಿವ್ಯಾಲ್ಯುಏಶನ್ ಸರ್‌ಪ್ಲಸ್ ಅಂತ ಮೀಸಲು ನಿಧಿನೂ ಏರ್ತೈತಿ, ಕಂಪನಿಗೆ ಒಂದು ರೂಪಾಯಿನೂ ಬಂದಿರಂಗಿಲ್ಲ. ಇದು ಕಾನೂನಿನ ಪ್ರಕಾರ ಸರಿಯಾದ ಕೆಲಸನ, ಆದ್ರ ಕಟ್ಟಿಸಿದ ಕಂಪನಿನ ಕಟ್ಟಿಸದ ಕಂಪನಿ ಜೊತಿಗೆ ಹೋಲಿಸಬಾರದು. ಪರೀಕ್ಷೆ ಸರಳ ಐತಿ, ಕ್ಯಾಶ್ ಫ್ಲೋ ಪಟ್ಟಿಯೊಳಗ ಇನ್ವೆಸ್ಟಿಂಗ್ ಭಾಗದಾಗ ಪಿಪಿಇ ಖರೀದಿಗೆ ಕೊಟ್ಟ ರೊಕ್ಕ ಅಂತ ಸಾಲು ಇರ್ತೈತಿ. ಪಿಪಿಇ ಭಾಳ ಏರಿ ಅಲ್ಲಿ ರೊಕ್ಕ ಹೋಗಿಲ್ಲ ಅಂದ್ರ ರಿವ್ಯಾಲ್ಯುಏಶನ್ನೋ, ಬ್ಯಾರೆ ಕಂಪನಿ ವಿಲೀನವೋ, ಹಳೇ ಸಿಡಬ್ಲ್ಯೂಐಪಿ ಒಳಗ ಬಂದಿದ್ದೋ, ಉದ್ರಿ ಖರೀದಿಯೋ ಏನೋ ಒಂದು ಇರ್ತೈತಿ.

ಮೂರನೇದು ಇಂಪೇರ್‌ಮೆಂಟ್. ಮಷೀನು ದುಡಿದು ಕೊಡೋ ರೊಕ್ಕನೂ ಮಾರಿದ್ರ ಬರೋ ರೊಕ್ಕನೂ ಎರಡೂ ಪುಸ್ತಕದ ಬೆಲಿಗಿಂತ ಕಡಿಮಿ ಅಂತ ಗೊತ್ತಾದ್ರ ಆ ಫರಕನ್ನ ಒಮ್ಮೆಲೆ ನಷ್ಟ ಅಂತ ಬರೀಬೇಕು. ಭಾಳ ವರ್ಷದಿಂದ ಬಂದ್ ಬಿದ್ದಿರೋ ಯುನಿಟ್ ಇದ್ದು ಇಂಪೇರ್‌ಮೆಂಟ್ ಸೊನ್ನೆ ಇದ್ರ, ಕಾರಣ ಏನು ಕೊಟ್ಟಾರ ಅಂತ ಓದ್ರಿ.

6. ಸಿಡಬ್ಲ್ಯೂಐಪಿ ವಯಸ್ಸು ನೋಡ್ರಿ

ಸಿಡಬ್ಲ್ಯೂಐಪಿಗೆ ಸವಕಳಿ ಇಲ್ಲ, ಕಟ್ಟೋ ಅವಧಿಯ ಬಡ್ಡಿನೂ ಅದರೊಳಗ ಕೂಡಿಸಬಹುದು. ಹಿಂಗಾಗಿ ತಯಾರಾದ ಪ್ಲಾಂಟನ್ನ ಅಲ್ಲೇ ಇಟ್ಕೊಂಡ್ರ ಲಾಭ ಚೊಲೋ ಕಾಣ್ತೈತಿ. 2021-22ರಿಂದ ಕಂಪನಿಗಳು ಇದರ ವಯಸ್ಸಿನ ಕೋಷ್ಟಕ ಕೊಡಲೇಬೇಕು: 1 ವರ್ಷಕ್ಕಿಂತ ಕಡಿಮಿ, 1ರಿಂದ 2, 2ರಿಂದ 3, 3ಕ್ಕಿಂತ ಹೆಚ್ಚು, ಮತ್ತ ಕೆಲಸ ನಿಂತ ಪ್ರಾಜೆಕ್ಟ್ ಬ್ಯಾರೆ. ಸಕ್ಕರಿ ಕಂಪನಿ ಎಥೆನಾಲ್ ಡಿಸ್ಟಿಲರಿ ಕಟ್ಟಾಕತ್ತೇವಿ ಅಂತ ಹೇಳಿದ್ರ, ಆ ರೊಕ್ಕ ಯಾವ ವರ್ಷ ಇಲ್ಲಿಂದ ಪಿಪಿಇಗೆ ಹೋತು ಅಂತ ಬೆನ್ನ ಹತ್ತಿ ನೋಡ್ರಿ, ಅದು ಪಿಪಿಇಗೆ ಬಂದ ವರ್ಷದಿಂದ ಸವಕಳಿ ಏರಿ ಲಾಭ ಸ್ವಲ್ಪ ತಗ್ಗೋದು ಸಹಜ. 3 ವರ್ಷದ ಮ್ಯಾಲಿನ ಕಾಲಮ್ಮಿನ್ಯಾಗ ದೊಡ್ಡ ಅಂಕಿ ಕುಂತಿದ್ರ ನನಗಂತೂ ಅದು ಮೊದಲನೇ ಪ್ರಶ್ನೆ.

7. ಮೂರು ಸಣ್ಣ ಲೆಕ್ಕ

ಸವದಿದ್ದು ಎಷ್ಟು: ಮಷೀನರಿಯ ಕೂಡಿಬಂದ ಸವಕಳಿಯನ್ನ ಅದರ ಗ್ರಾಸ್‌ನಿಂದ ಭಾಗಿಸ್ರಿ. ನಮ್ಮ ಫೌಂಡ್ರಿಯೊಳಗ 429 ಭಾಗಿಸು 930, ಅಂದ್ರ 46 ಪರ್ಸೆಂಟ್. ಜಾಗ ಕೂಡಿಸಿ ಮಾಡಬ್ಯಾಡ್ರಿ, ಜಾಗ ಸವಿಯಂಗಿಲ್ಲ, ಅಂಕಿ ಕೆಳಗ ಬಂದು ಪ್ಲಾಂಟ್ ಹೊಸಾದಂಗ ಕಾಣ್ತೈತಿ.

ಎಷ್ಟು ದುಡಸ್ತಾರ: ವರ್ಷದ ಮಾರಾಟ 25 ಕೋಟಿ ಇದ್ರ, ಆರಂಭ ಮತ್ತ ಕೊನಿಯ ನೆಟ್ ಪಿಪಿಇ ಸರಾಸರಿ 8.28 ಕೋಟಿಯಿಂದ ಭಾಗಿಸಿದ್ರ ಸುಮಾರು 3. ಅಂದ್ರ ಪ್ಲಾಂಟಿನ್ಯಾಗಿನ ಪ್ರತಿ ರೂಪಾಯಿಗೆ 3 ರೂಪಾಯಿ ಮಾರಾಟ. ಇದನ್ನ ಅದ ಧಂಧೆಯ ಕಂಪನಿ ಜೊತಿಗೆ ಅಷ್ಟ ಹೋಲಿಸ್ರಿ, ಫೌಂಡ್ರಿನ ಸಿಮೆಂಟ್ ಜೊತಿಗೆ ಹೋಲಿಸಿದ್ರ ಅರ್ಥ ಇಲ್ಲ. ಹಳೇ ಸವದ ಪ್ಲಾಂಟ್ ಇದ್ರ ಈ ಅಂಕಿ ತಾನ ಏರ್ತೈತಿ, ಅದಕ್ಕ ಮ್ಯಾಲಿನ ಲೆಕ್ಕದ ಜೊತಿಗೆ ಓದ್ರಿ.

ಹೊಸಾದು ಹಾಕ್ತಾರೋ ಇಲ್ಲೋ: ನಾಕೈದು ವರ್ಷದ ಹೊಸಾ ಖರೀದಿ ಕೂಡಿಸ್ರಿ, ಅಷ್ಟ ವರ್ಷದ ಸವಕಳಿ ಕೂಡಿಸ್ರಿ. ಖರೀದಿ ಸತತ ಕಡಿಮಿ ಇದ್ರ ಕಂಪನಿ ಹಳೇ ಪ್ಲಾಂಟಿನ ಮ್ಯಾಲೆನ ದಿನಾ ದೂಡಾಕತ್ತೈತಿ ಅಂತ ತಿಳೀಬಹುದು.

ಈಗ ಆ 500 ಕೋಟಿ, 300 ಕೋಟಿ ಪ್ರಶ್ನೆಗೆ ಬರ್ರಿ. ಸಾಲ ಎಷ್ಟೈತಿ ಅಂತ ನೋಡಿದ್ರೇನು? 500 ಕೋಟಿ ಪಿಪಿಇ ಮ್ಯಾಲೆ 400 ಕೋಟಿ ಬ್ಯಾಂಕ್ ಸಾಲ ಇದ್ರ ಶೇರ್‌ದಾರರಿಗೆ ಉಳಿಯೋದು ಎಷ್ಟು? ಬಾಯ್ಲರ್, ಮಿಲ್ಲಿನ ರೋಲರ್ ಕಿತ್ತು ಮಾರಿದ್ರ ಕೊಳ್ಳೋರು ಯಾರು, ಯಾವ ರೇಟಿಗೆ? ಇದಕ್ಕ ಎದುರಾಗಿ, ಭಾಳ ವರ್ಷದ ಹಿಂದ ತಗೊಂಡ ಜಾಗ ಇವತ್ತಿಗೂ ಹಳೇ ರೇಟಿನ್ಯಾಗ ಬರದಿದ್ರ ಖರೇ ಕಿಮ್ಮತ್ತು ಪುಸ್ತಕಕ್ಕಿಂತ ಎಷ್ಟೋ ಪಟ್ಟು ಇರಬಹುದು. ಎರಡೂ ಕಡೆ ತಪ್ಪಾಗೋ ಸಾಧ್ಯತೆ ಇರೋದ್ರಿಂದ ನೆಟ್ ಪಿಪಿಇ ಒಂದನ್ನ ಹಿಡ್ಕೊಂಡು ಶೇರ್ ಸೋವಿನೋ ತುಟ್ಟಿನೋ ಅಂತ ಹೇಳಾಕ ಬರಂಗಿಲ್ಲ.

8. ಆಡಿಟರ್ ಏನ್ ಬರದಾರ ಓದ್ರಿ, ಆಮ್ಯಾಲೆ ಕೇಳ್ರಿ

ಆಡಿಟರ್ ವರದಿಗೆ ಕಾರೋ 2020 (ಕಂಪನೀಸ್ ಆಡಿಟರ್ಸ್ ರಿಪೋರ್ಟ್ ಆರ್ಡರ್) ಅಂತ ಒಂದು ಅನುಬಂಧ ಇರ್ತೈತಿ, ಅದರ ಮೊದಲನೇ ಕಲಮ ಪಿಪಿಇ ಬಗ್ಗೆ: ಆಸ್ತಿ ಎಲ್ಲೆಲ್ಲಿ ಎಷ್ಟೈತಿ ಅಂತ ಸರಿಯಾದ ದಾಖಲೆ ಅದಾವೋ ಇಲ್ಲೋ, ಖುದ್ದು ಹೋಗಿ ಎಣಿಸಿ ನೋಡ್ಯಾರೋ ಇಲ್ಲೋ, ಜಾಗದ ಖರೀದಿ ಪತ್ರ ಕಂಪನಿ ಹೆಸರಿನ್ಯಾಗ ಐತೋ ಇಲ್ಲೋ, ರಿವ್ಯಾಲ್ಯುಏಶನ್ ಮಾಡ್ಯಾರೇನು. ಪತ್ರ ಪ್ರವರ್ತಕರ ಹೆಸರಿನ್ಯಾಗೋ ಹಳೇ ಕಂಪನಿ ಹೆಸರಿನ್ಯಾಗೋ ಉಳಿದಿದ್ರ ಯಾವ ಜಾಗ, ಎಷ್ಟು ಬೆಲಿದು, ಯಾವಾಗಿಂದ ಅಂತ ಕೋಷ್ಟಕ ಹಾಕಿರ್ತಾರ. ಸಾಲಕ್ಕ ಒತ್ತಿ ಇಟ್ಟಿದ್ದು ಸಾಲದ ನೋಟ್‌ನ್ಯಾಗ ಇಲ್ಲಾ ಪಿಪಿಇ ನೋಟ್‌ನ ಕೆಳಗ ಇರ್ತೈತಿ.

ಇಷ್ಟು ಓದಿದಮ್ಯಾಲೂ ಒಂದು ಅಂಕಿ ತಾಳೆ ಆಗಲಿಲ್ಲ ಅಂದ್ರ ಸುಮ್ಮನ ಕುಂಡ್ರಬ್ಯಾಡ್ರಿ, ನೀವು ಶೇರ್‌ದಾರರು, ಕೇಳೋ ಹಕ್ಕೈತಿ. ವರದಿ ವಾರ್ಷಿಕ ಸಭೆಗೆ ಕಡಿಮಿ ಅಂದ್ರೂ 21 ದಿನ ಮೊದಲ ಕೈಗೆ ಬರಬೇಕು, ಅಷ್ಟರೊಳಗ ಕಂಪನಿ ಸೆಕ್ರೆಟರಿಗೆ ಬರೀರಿ, ಇಮೇಲ್ ವಿಳಾಸ ಸಭೆಯ ನೋಟಿಸಿನ್ಯಾಗ ಇರ್ತೈತಿ. "ಆಸ್ತಿ ಬಗ್ಗೆ ವಿವರ ಕೊಡ್ರಿ" ಅಂತ ಬರದ್ರ ವರದಿ ಓದ್ರಿ ಅನ್ನೋ ಉತ್ತರ ಬರ್ತೈತಿ. ನೋಟ್ ನಂಬರು, ಪುಟ, ಕಾಲಮ್ಮಿನ ಹೆಸರು, ಎರಡೂ ವರ್ಷದ ಅಂಕಿ ಹಾಕಿ ಈ ಫರಕಿಗೆ ಕಾರಣ ಏನು ಅಂತ ಒಂದ ಪ್ರಶ್ನೆ ಕೇಳ್ರಿ. ಸಹಕಾರಿ ಕಾರ್ಖಾನೆ ಸದಸ್ಯರು ಇದ ಪ್ರಶ್ನೆಯನ್ನ ಸಭೆಗಿಂತ ಮೊದಲ ಬರವಣಿಗೆಯೊಳಗ ಆಫೀಸಿಗೆ ಕೊಟ್ಟು, ಮುಟ್ಟಿದ್ದಕ್ಕ ಶಿಕ್ಕಾ ಹಾಕಿಸ್ಕೊಂಡು ಬರ್ರಿ.